ಮೇಕೆ ಅವಳದು, ವಿಮೆಯೂ ಅವಳ ಹೆಸರಿಗೇ: ನನ್ನ ಅನುಭವ

ಹೆಂಗಸರ ಹೆಸರಲ್ಲಿ ಮೇಕೆ ವಿಮೆ ಆಗುವ ಮಾತಲ್ಲ ಎಂದು ನಮ್ಮ ಚಳ್ಳಕೆರೆ ಕಡೆಯ ಪಶುಸಖಿಯರೇ (ಊರಲ್ಲಿ ಜಾನುವಾರು ಸಾಕಣೆಗೆ ನೆರವಾಗುವ ಹೆಂಗಸರು) ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿಸಿದೆ ಎಂದು ಕೇಳುತ್ತಾರೆ.

ನಮ್ಮಲ್ಲಿ ಕುರಿ ಹಿಂಡು ಗಂಡಸರ ಜೊತೆ ವಲಸೆ ಹೋಗುತ್ತದೆ. ಮನೆಯಲ್ಲಿ ಉಳಿಯುವ ಮೇಕೆ, ಮರಿ ಹೆಂಗಸರ ಪಾಲು. ಆದರೆ ಮೇಕೆಯ ಕಿವಿಗೆ ಓಲೆ, ಅಂದರೆ ನಂಬರಿನ ಬಿಲ್ಲೆ, ಹಾಕುವ ದಿನ ಬರೆಸುವ ಹೆಸರು ಗಂಡನದು, ಮೊಬೈಲ್ ನಂಬರೂ ಅವನದೇ. ಮೇಕೆ ಸತ್ತಾಗ ಅವನು ಎಲ್ಲೋ ದೂರದ ಹೊಲದಲ್ಲಿ ಕುರಿ ತರುಬಿರುತ್ತಾನೆ. ಸಹಿಗೆ ಕಾಯುವಷ್ಟರಲ್ಲಿ ಹೆಣ ಕೊಳೆತು ಪೋಸ್ಟ್‌ಮಾರ್ಟಂ ಆಗುವುದಿಲ್ಲ. ಕುರಿ-ಮೇಕೆ ಸತ್ತರೆ ಸರ್ಕಾರ ಕೊಡುವ ಪರಿಹಾರ, ಅನುಗ್ರಹ ಕೊಡುಗೆ ಇದೆಯಲ್ಲ ಎನ್ನಬೇಡಿ, ಅದೂ ಮಾಲೀಕ ಎಂದು ಬರೆದವರ ಖಾತೆಗೇ ಹೋಗುತ್ತದೆ.

ಮೊದಲು ಹೆಂಗಸರ ಅರ್ಜಿಗಳನ್ನು ನೇರವಾಗಿ ವಿಮೆಯವರಿಗೆ ಕೊಟ್ಟೆ. ಪಹಣಿ ಯಾರ ಹೆಸರಲ್ಲಿದೆ ಎಂದು ಕೇಳಿ ವಾಪಸ್ ಕಳಿಸಿದರು. ಜೆರಾಕ್ಸ್, ಬಸ್ಸು ಅಂತ ಎಂಟುನೂರು ರೂಪಾಯಿಯಾದರೂ ನನ್ನ ಕೈಯಿಂದ ಹೋಯಿತು. ಆಗಲೇ ಬರೆಸಿದ್ದ ಹೆಸರು ತಿದ್ದಿಸೋಣ ಎಂದರೆ ಗಂಡಂದಿರು ಒಪ್ಪಲಿಲ್ಲ.

ಕೊನೆಗೆ ಸಂಘದ ಸಾಲದಿಂದ ಶುರು ಮಾಡಿದೆ. ಮೇಕೆಗೆ ಸಾಲ ಕೊಡುವಾಗ ನಡಾವಳಿ ಪುಸ್ತಕದಲ್ಲಿ ಸಾಲ ಪಡೆದ ಹೆಂಗಸಿನ ಹೆಸರು, ಮೇಕೆಯ ಬಣ್ಣ, ಕೊಂಬು ಬರೆಸಿದೆ. ಮೇಕೆ ಮನೆಗೆ ಬಂದ ವಾರದಲ್ಲೇ ಅವಳ ನಂಬರಿಗೇ ಓಲೆ ನೋಂದಣಿ, ಡಾಕ್ಟರ ಆರೋಗ್ಯ ಪ್ರಮಾಣಪತ್ರವೂ ಅದೇ ಹೆಸರಲ್ಲಿ. ಮೂರೂ ಆಧಾರ್ ಜೊತೆ ಅಕ್ಷರ ತಪ್ಪದೆ ಹೊಂದಿದರೆ ಯಾರೂ ಬಾಯಿ ಬಿಡುವುದಿಲ್ಲ. ಅತ್ತೆಯಂದಿರನ್ನು ಒಪ್ಪಿಸಿದ ಉಪಾಯ ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕಾಗ ಕೇಳಿ.

2024ರಲ್ಲಿ ಎರಡು ಅನುಕೂಲ ಆಯಿತು. ಸರ್ಕಾರದ ನೆರವಿನ ಜಾನುವಾರು ವಿಮೆಯ ಪ್ರೀಮಿಯಂನಲ್ಲಿ ನಮ್ಮ ಪಾಲು 15%ಕ್ಕೆ ಇಳಿಯಿತು, ಮೊದಲು 20ರಿಂದ 50% ಇತ್ತು. ಏಳು ಸಾವಿರದ ಮೇಕೆಗೆ ಐವತ್ತು ರೂಪಾಯಿ ಆಸುಪಾಸು ಕಟ್ಟಿದ ನೆನಪು. ಮನೆಯೊಂದಕ್ಕೆ ಇದ್ದ ಮಿತಿ 5 ಘಟಕದಿಂದ 10 ಆಯಿತು, ಅಂದರೆ 100 ಕುರಿ-ಮೇಕೆ. ಮೊದಲಿನ ಐವತ್ತು ಗಂಡನ ಕುರಿಗಳಲ್ಲೇ ತುಂಬಿಬಿಡುತ್ತಿತ್ತು. ಈಗ ಹೆಂಡತಿಯ ಮೇಕೆಗೂ ಜಾಗ ಇದೆ.

ಓಲೆ ಇಲ್ಲದಿದ್ದರೆ ದುಡ್ಡಿಲ್ಲ, ಗೊತ್ತಲ್ವಾ? ಕಿವಿಯ ತುದಿಗೆ ಹಾಕಿದ ಓಲೆಗಳು ಜಾಲಿ ಬೇಲಿಗೆ ಸಿಕ್ಕಿ ಕಿವಿ ಸಮೇತ ಹರಿದವು. ನರ ತಪ್ಪಿಸಿ ನಡುವೆ ಹಾಕಿಸಿದ್ದು ನಿಂತಿತು. ಅರಿಶಿನ ಹಚ್ಚಿ ನೋಡಿದೆ, ಬೇವಿನೆಣ್ಣೆ ಹಚ್ಚಿದ ಕಿವಿಗೆ ನೊಣ ಕಡಿಮೆ. ಮಳೆಗಾಲದಲ್ಲಿ ಮಾತ್ರ ಹಾಕಿಸಲೇಬೇಡಿ.

ಹೋದ ವರ್ಷ ಒಬ್ಬಳ ಮೇಕೆ ಕರುಳುಬೇನೆಯಲ್ಲಿ ಸತ್ತಾಗ ಆರು ಸಾವಿರ ಚಿಲ್ಲರೆ ಬಂತು, ನೇರ ಅವಳ ಖಾತೆಗೆ. ಗಂಡ ಆಗ ಇನ್ನೂ ವಲಸೆಯಲ್ಲೇ ಇದ್ದ.