ಅಡಿಕೆ ಹಾಳೆಯ ತಟ್ಟೆ ಘಟಕಕ್ಕೆ ಹೂಡಿಕೆ ಬೇಕೇ? ಮೊದಲು ಲೆಕ್ಕ, ಆಮೇಲೆ ಸ್ಲೈಡ್

ಹೂಡಿಕೆದಾರರಿಗೆ ತೋರಿಸುವ ಪಿಚ್ ಪ್ರೊಫೈಲ್ ಎಂದ ಕೂಡಲೇ ಹೆಚ್ಚಿನವರು ಲೋಗೊ, ಹಸುರು ಬಣ್ಣ, ತೋಟದ ಫೋಟೊಗಳಿಂದ ಶುರುಮಾಡುತ್ತಾರೆ. ಅದನ್ನು ಕೊನೆಗಿಡಿ. ಮೊದಲು ಒಂದೇ ಒಂದು ತಟ್ಟೆಯ ಲೆಕ್ಕ ಬರೆಯಿರಿ. ಅದು ಸರಿಯಾದರೆ ಹತ್ತು ಹನ್ನೆರಡು ಸ್ಲೈಡ್ ಮಾಡುವುದು ಎರಡು ದಿನದ ಕೆಲಸ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಘಟಕ ಎಂದಿಟ್ಟುಕೊಳ್ಳಿ. ಇಲ್ಲಿರುವ ಅಂಕಿಗಳು ಮಾದರಿಗೆ ಮಾತ್ರ, ನಿಮ್ಮದನ್ನು ನಿಮ್ಮ ಬಿಲ್ಲುಗಳಿಂದ ತುಂಬಿ. ಹತ್ತಿಂಚಿನ ತಟ್ಟೆಗೆ ಕೈಗೆ ಬರುವ ಬೆಲೆ 6 ರೂಪಾಯಿ. ಹಾಳೆಗೆ 2, ಸೀಳಿ ಅಥವಾ ಬೂಸ್ಟು ಹಿಡಿದು ಹಾಳಾಗುವುದಕ್ಕೆ 20 ಪೈಸೆ, ಕೂಲಿ 1.10, ಕರೆಂಟು 40 ಪೈಸೆ, ಪ್ಯಾಕಿಂಗು ಮತ್ತು ಸಾಗಾಟ 80 ಪೈಸೆ. ಒಟ್ಟು 4.50 ಖರ್ಚು, 1.50 ಉಳಿತಾಯ. ಬಾಡಿಗೆ, ಮೇಲ್ವಿಚಾರಕರ ಸಂಬಳ, ಬಡ್ಡಿ ಸೇರಿ ತಿಂಗಳಿಗೆ 90,000 ಹೋಗುವುದಾದರೆ ಅಸಲು ಹುಟ್ಟಲು 60,000 ತಟ್ಟೆ ಮಾರಬೇಕು. ತಿಂಗಳಿಗೆ 26 ದಿನ ಕೆಲಸವೆಂದರೆ ದಿನಕ್ಕೆ ಸುಮಾರು 2,310. ನಿಮ್ಮ ಯಂತ್ರಗಳು ಅಷ್ಟು ಒತ್ತುತ್ತವೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಂತ್ರ ಮಾರಿದವರ ಕ್ಯಾಟಲಾಗಿನ ಅಂಕಿ ಹೇಳಬೇಡಿ. ಕರೆಂಟು ಹೋದ ದಿನ, ಕೆಲಸದವರು ಬಾರದ ದಿನ ಎಲ್ಲ ಸೇರಿದ ಕಳೆದ ಮೂರು ತಿಂಗಳ ಸರಾಸರಿ ಕೊಡಿ.

ಹೆಚ್ಚಿನ ಪ್ರೊಫೈಲುಗಳು ಎಡವುವುದು ಮಳೆಗಾಲದಲ್ಲಿ. ಎಲ್ಲಿಂದಲೋ ತಂದ ಎಕ್ಸೆಲ್ ಹಾಳೆಯಲ್ಲಿ ಹನ್ನೆರಡು ತಿಂಗಳೂ ಒಂದೇ ಥರ ಇರುತ್ತವೆ. ಅಡಿಕೆಯ ಹಾಳೆಗೆ ಆ ಲೆಕ್ಕ ಗೊತ್ತಿಲ್ಲ. ಜೂನಿನಿಂದ ಒಣಗಿಸಲು ಬಿಸಿಲಿಲ್ಲ, ನೆನೆದದ್ದಕ್ಕೆಲ್ಲ ಬೂಸ್ಟು. ಬೇಸಗೆಯಲ್ಲೇ ಹೆಕ್ಕಿಸಿ, ಒಣಗಿಸಿ, ಅಟ್ಟಕ್ಕೇರಿಸಿಕೊಳ್ಳಬೇಕು. ನಾಲ್ಕು ತಿಂಗಳ ದಾಸ್ತಾನು ಎಂದರೆ 2,40,000 ತಟ್ಟೆಯ ಹಾಳೆ. ತಟ್ಟೆಗೆ 2.20ರಂತೆ 5.28 ಲಕ್ಷ ಮೇ ತಿಂಗಳು ಮುಗಿಯುವ ಮೊದಲೇ ಕೈಬಿಟ್ಟಿರುತ್ತದೆ. ಡೀಲರು 45 ದಿನ ಕಡ ಹೇಳಿದರೆ 90,000 ತಟ್ಟೆಯ ಖರ್ಚು, ಅಂದರೆ ಇನ್ನೂ 4.05 ಲಕ್ಷ, ಹೊರಗೆ ನಿಲ್ಲುತ್ತದೆ. ಎರಡೂ ಸೇರಿ 9.33 ಲಕ್ಷ. ಲಾಭನಷ್ಟದ ಪಟ್ಟಿಯಲ್ಲಿ ಇದರ ಸುಳಿವೇ ಸಿಗದು. ಆದ್ದರಿಂದ 18 ತಿಂಗಳ ನಗದು ಪಟ್ಟಿಯನ್ನು ತಿಂಗಳು ತಿಂಗಳಾಗಿ ಮಾಡಿ, ಯಾವ ತಿಂಗಳಲ್ಲಿ ಕೈ ಬರಿದಾಗುತ್ತದೆ ಎಂದು ನೀವೇ ಗುರುತು ಹಾಕಿ ತೋರಿಸಿ.

ಎಷ್ಟು ಕೇಳಬೇಕೆಂಬುದು ಈ ಪಟ್ಟಿಯಿಂದಲೇ ಹೊರಡುತ್ತದೆ. 40 ಲಕ್ಷ ಕೇಳುವುದಾದರೆ ಯಂತ್ರಕ್ಕೆ 16, ದಾಸ್ತಾನು ಮತ್ತು ಕಡಕ್ಕೆ 10, ಮಾರಾಟದ ಜನಕ್ಕೆ 8, ಆಪತ್ತಿಗೆ 6 ಎಂದು ಬಿಡಿಸಿ ಬರೆಯಿರಿ. ಅದಕ್ಕೆ 20 ಶೇಕಡಾ ಪಾಲು ಕೊಡುವುದಾದರೆ ಹಣ ಬಂದ ಮೇಲಿನ ಮೌಲ್ಯ 2 ಕೋಟಿ, ಬರುವ ಮೊದಲಿನದು 1.6 ಕೋಟಿ. ಇವೆರಡನ್ನು ಅದಲುಬದಲು ಮಾಡಿದರೆ ಮಾತುಕತೆ ಅಲ್ಲೇ ಸಡಿಲವಾಗುತ್ತದೆ.

ಮಾರುಕಟ್ಟೆಯ ಸ್ಲೈಡಿಗೆ ‘140 ಕೋಟಿ ಜನರಲ್ಲಿ ಒಂದು ಶೇಕಡಾ’ ಬೇಡವೇ ಬೇಡ. ಕಾಸರಗೋಡಿನಿಂದ ಮಂಗಳೂರಿನವರೆಗಿನ ಸುಮಾರು 50 ಕಿಲೋಮೀಟರಿನಲ್ಲಿ ಮದುವೆ ಮಂಟಪಗಳೆಷ್ಟು, ಅಡುಗೆಯ ಕಾಂಟ್ರಾಕ್ಟಿನವರೆಷ್ಟು ಎಂದು ಎಣಿಸಿ ಬರೆಯಿರಿ. ರಫ್ತಿನ ಆಸೆ ಇದ್ದವರು ಇನ್ನೊಂದನ್ನು ಮುಚ್ಚಿಡಬಾರದು: 2025ರ ಮೇಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳು ಆಹಾರಕ್ಕೆ ಬಳಸಲು ತಕ್ಕವಲ್ಲ ಎಂದು ಎಚ್ಚರಿಸಿತು. ಹೂಡಿಕೆದಾರರು ಗೂಗಲ್ ಮಾಡುವ ಮೊದಲು ನೀವೇ ಹೇಳಿ, ಬದಲಿ ದಾರಿಯನ್ನೂ ಬರೆಯಿರಿ.

ಕಾಗದಪತ್ರಕ್ಕೆ ಬಂದರೆ, ಪಾಲನ್ನು ಷೇರಾಗಿ ಕೊಡಲು ಪ್ರೈವೇಟ್ ಲಿಮಿಟೆಡ್ ಕಂಪೆನಿ ಬೇಕು. ಒಬ್ಬರದೇ ಹೆಸರಿನ ವ್ಯಾಪಾರದಲ್ಲಿ, ಎಲ್‌ಎಲ್‌ಪಿಯಲ್ಲಿ (ಸೀಮಿತ ಹೊಣೆಯ ಪಾಲುದಾರಿಕೆ) ಷೇರೆಂಬುದೇ ಇಲ್ಲ. ಹತ್ತಿರವಾಯಿತೆಂದು ಮಂಗಳೂರಿನ ವಿಳಾಸದಲ್ಲಿ ಕಂಪೆನಿ ನೋಂದಾಯಿಸಿದರೆ ಹೊಸ ಉದ್ಯಮಗಳಿಗೆ ನೆರವಾಗುವ ಕೇರಳ ಸರಕಾರದ ಸಂಸ್ಥೆ ಕೇರಳ ಸ್ಟಾರ್ಟಪ್ ಮಿಷನ್ನಿನ ಸಹಾಯಧನಕ್ಕೆ ತೊಡಕು. ಶೆಡ್ಡು ನಿಂತಿರುವುದು ಅಪ್ಪನ ಅಥವಾ ದೊಡ್ಡಪ್ಪನ ಜಾಗದಲ್ಲೇ? ಕಂಪೆನಿಯ ಹೆಸರಿಗೆ ನೋಂದಾಯಿತ ಬಾಡಿಗೆ ಕರಾರು ಮಾಡಿಸಿ. ‘ಮನೆಯದ್ದೇ ಜಾಗ’ ಎಂಬ ಮಾತಿಗೆ ವಕೀಲರಲ್ಲಿ ಬೆಲೆಯಿಲ್ಲ. ಪಂಚಾಯತ್ ಲೈಸೆನ್ಸು, ಭೂ ತೆರಿಗೆಯ ರಶೀದಿ ಮಲಯಾಳದಲ್ಲಿದ್ದರೆ ಪ್ರತಿಯೊಂದರ ಮೇಲೆ ಅದೇನೆಂದು ಇಂಗ್ಲಿಷಿನಲ್ಲಿ ಎರಡು ಸಾಲಿನ ಚೀಟಿ ಇರಲಿ. ಪ್ರೊಫೈಲನ್ನೂ ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. ಕನ್ನಡದಲ್ಲಿ ಹೇಳಲಾಗದ್ದು ಇಂಗ್ಲಿಷಿನಲ್ಲಿ ಬರೀ ಸದ್ದು.

ಎರಡು ಯಂತ್ರ ಕೊಂಡರೆ ಸಾಕು, ಪಾಲುದಾರರ ಕಿರಿಕಿರಿ ಬೇಡ ಎನ್ನುವವರಿಗೆ ಹೂಡಿಕೆದಾರರೇ ಬೇಡ. ಉತ್ಪಾದನಾ ಘಟಕಗಳಿಗೆ ಕೇಂದ್ರ ಸರಕಾರದ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ) ಯೋಜನೆಯಲ್ಲಿ 50 ಲಕ್ಷದವರೆಗಿನ ಯೋಜನಾ ವೆಚ್ಚಕ್ಕೆ ಬ್ಯಾಂಕ್ ಸಾಲ ಮತ್ತು ಸಬ್ಸಿಡಿ ಇದೆ. ಅಲ್ಲಿಯೂ ಕೇಳುವುದು ಇದೇ ತಟ್ಟೆಯ ಲೆಕ್ಕ.

ಕಳಿಸುವಾಗ ಪಿಡಿಎಫ್ ಮಾಡಿ, 5 ಎಂಬಿ ಒಳಗಿರಲಿ. ಮೊದಲು ನಿಮ್ಮದೇ ಮೊಬೈಲಿನಲ್ಲಿ ತೆರೆಯಿರಿ. ಒಂದು ತಟ್ಟೆಯ ಲೆಕ್ಕ ಬೆರಳಿನಿಂದ ಹಿಗ್ಗಿಸದೆ ಓದಲಾಗದಿದ್ದರೆ ಅಕ್ಷರ ದೊಡ್ಡದು ಮಾಡಿ, ತೋಟದ ಫೋಟೊ ತೆಗೆದುಹಾಕಿ.