ಕೆಮ್ಮುವ ಮಗುವಿನ ಉಸಿರು ಎಣಿಸುವುದು ಹೇಗೆ?

ಮಗುವಿನ ಮೈ ಬಿಸಿಯಾದರೆ ತಕ್ಷಣ ಥರ್ಮಾಮೀಟರ್ ಹುಡುಕುತ್ತೇವೆ. ಕೆಮ್ಮು ಬಂದರೆ ಉಸಿರು ಎಣಿಸಬೇಕು ಅಂತ ಮಾತ್ರ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ನ್ಯುಮೋನಿಯಾದ ಮೊದಲ ಸುಳಿವು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿದರೆ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ ಆಗುತ್ತದೆ. ಆ ಕೊರತೆ ತುಂಬಲು ಮಗು ಬೇಗ ಬೇಗ ಉಸಿರಾಡುತ್ತದೆ.

ಬೇಕಾದದ್ದು ಸೆಕೆಂಡ್ ಮುಳ್ಳಿನ ಗಡಿಯಾರ ಅಥವಾ ಮೊಬೈಲ್ ಟೈಮರ್, ಅಷ್ಟೇ.

ಮೊದಲು ಮಗು ಸುಮ್ಮನಾಗಲಿ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಅಂಗಿ ಮೇಲೆತ್ತಿ. ಸ್ವೆಟರ್, ಶಾಲಿನ ಮೇಲಿಂದಲೇ ಎಣಿಸುವವರನ್ನು ಬಹಳ ನೋಡಿದ್ದೇನೆ. ಒಬ್ಬ ತಾಯಿ ಏಳು ತಿಂಗಳ ಕೂಸನ್ನು ಬೆಚ್ಚಗೆ ಸುತ್ತಿಕೊಂಡು, "ಉಸಿರು ಸರಿಯಾಗೇ ಇದೆ ಅಕ್ಕಾ, ಬರೀ ಶೀತ" ಅಂದರು. ಶಾಲು ಬಿಚ್ಚಿ ಅಂಗಿ ಸರಿಸಿದೆವು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಬೆರಳು ಒತ್ತಿದ ಹಾಗೆ ಗುಳಿ ಬೀಳುತ್ತಿತ್ತು. ಅದು ಬಟ್ಟೆಯ ಮೇಲಿಂದ ಹೇಗೆ ಕಂಡೀತು?

ಇನ್ನು ಎಣಿಕೆ. ಎಡವುವುದು ಇಲ್ಲೇ. ಉಸಿರು ಒಳಗೆ ಹೋಗಿ ಹೊರಗೆ ಬಂದರೆ ಒಂದು. ಕೆಲವರು ಏರಿದ್ದಕ್ಕೊಂದು, ಇಳಿದದ್ದಕ್ಕೊಂದು ಎಣಿಸಿ ದುಪ್ಪಟ್ಟು ಲೆಕ್ಕ ತಂದು ಗಾಬರಿಯಾಗುತ್ತಾರೆ. ಹೊಟ್ಟೆ ಮೇಲೆದ್ದಾಗ ಮಾತ್ರ ಎಣಿಸಿ. ಎದೆಗಿಂತ ಹೊಟ್ಟೆ ನೋಡುವುದೇ ಸುಲಭ. ಎಳೆಯ ಮಕ್ಕಳಲ್ಲಿ ಉಸಿರಾಟದ ಹೆಚ್ಚಿನ ಕೆಲಸ ಎದೆ, ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯುವಿನದು. ಅದು ಕೆಳಗಿಳಿದಾಗ ಹೊಟ್ಟೆ ಉಬ್ಬುತ್ತದೆ.

ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಬೇಡವೇ ಬೇಡ. ಒಂದು ಉಸಿರು ತಪ್ಪಿದರೆ ನಾಲ್ಕು ತಪ್ಪಿದ ಹಾಗೆ. ಅದಕ್ಕಿಂತ ಮುಖ್ಯವಾಗಿ, ಹಸುಗೂಸುಗಳ ಉಸಿರಿಗೆ ಒಂದೇ ಲಯ ಇರುವುದಿಲ್ಲ. ಸರಸರ ನಾಲ್ಕಾರು ಉಸಿರು, ಆಮೇಲೆ 5ರಿಂದ 10 ಸೆಕೆಂಡ್ ನಿಲುಗಡೆ, ಮತ್ತೆ ಶುರು. ಇದು ಸಹಜ. 20 ಸೆಕೆಂಡ್ ನಿಂತೇ ಬಿಟ್ಟರೆ ಸಹಜವಲ್ಲ.

ಗಡಿಯಾರವನ್ನೂ ಹೊಟ್ಟೆಯನ್ನೂ ಒಬ್ಬರೇ ನೋಡಬೇಡಿ. ಒಬ್ಬರು "ಶುರು", "ಸಾಕು" ಅನ್ನಲಿ, ಇನ್ನೊಬ್ಬರು ಕಣ್ಣು ಕದಲಿಸದೆ ಎಣಿಸಲಿ. ಒಬ್ಬರೇ ಇದ್ದರೆ ಒಂದು ನಿಮಿಷಕ್ಕೆ ಅಲಾರಂ ಇಡಿ. ಲೆಕ್ಕ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೀಗಿದೆ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಅವತ್ತೇ ವೈದ್ಯರಿಗೆ ತೋರಿಸಿ. ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಉಸಿರು ಬಿಡುವಾಗ ನರಳಿದರೆ, ಮಗು ಹಾಲು ಕುಡಿಯುವುದನ್ನೇ ಬಿಟ್ಟರೆ ಲೆಕ್ಕ ಕಡಿಮೆ ಇದ್ದರೂ ಕಾಯಬೇಡಿ. ತುಟಿ ನೀಲಿಯಾದರೆ, ಹಸುಗೂಸಿನ ಆ ಸಹಜ ನಿಲುಗಡೆಗಿಂತ ಹೆಚ್ಚು ಹೊತ್ತು ಉಸಿರು ನಿಂತರೆ 108ಕ್ಕೆ ಕರೆ ಮಾಡಿ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಯಲ್ಲಿದೆ ಅಂತ ಎಣಿಕೆ ಬಿಡಬೇಡಿ. ಅದು ರಕ್ತದಲ್ಲಿನ ಆಮ್ಲಜನಕ ತೋರಿಸುತ್ತದೆ, ಉಸಿರಿನ ವೇಗವನ್ನಲ್ಲ. ದೊಡ್ಡವರ ಬೆರಳಿಗೆಂದು ಮಾಡಿದ ಅಗ್ಗದ ಸಾಧನ ಕೂಸಿನ ಬೆರಳಲ್ಲಿ ನಿಲ್ಲುವುದೂ ಇಲ್ಲ. ಎದೆಗೆ ಕರ್ಪೂರದ ಎಣ್ಣೆ ತಿಕ್ಕುವುದನ್ನಂತೂ ದಯವಿಟ್ಟು ಬಿಡಿ. ಎಳೆ ಮಕ್ಕಳಿಗೆ ಕರ್ಪೂರ ವಿಷ, ಫಿಟ್ಸ್ ಬರಬಹುದು.

ಮನೆಯ ಹಿರಿಯರದ್ದು ಎಣಿಸುವಾಗ ಹೇಳಬೇಡಿ. ಹೇಳಿದರೆ ಉಸಿರಾಟದ ಮೇಲೇ ಗಮನ ಹೋಗಿ ವೇಗ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಕೈ ಹಿಡಿದು ಎದೆ ಗಮನಿಸಿ. ಸುಮ್ಮನೆ ಕೂತಾಗ 12ರಿಂದ 20 ಇದ್ದರೆ ಸರಿ.

ಎಣಿಸಿದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: "ರಾತ್ರಿ 9.10, ನಿದ್ದೆಯಲ್ಲಿ, 54." ವೈದ್ಯರಿಗೆ ಮೊದಲು ಅದನ್ನೇ ತೋರಿಸಿ.