ಟರಾಂಟುಲಾ ಪೆಟ್ಟಿಗೆಗೆ ಎಂಥ ಮಣ್ಣು, ಎಷ್ಟು ದಪ್ಪ?

ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಟರಾಂಟುಲಾ ಜೇಡದ ಹೊಟ್ಟೆಯ ಚರ್ಮ ಬಲು ತೆಳು. ಗಾಜು ಹತ್ತಿದ ಜೇಡ ಒಂದಡಿ ಮೇಲಿಂದ ಕಲ್ಲಿನ ಮೇಲೋ ನೀರಿನ ಬಟ್ಟಲಿನ ಅಂಚಿಗೋ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು. ಮಣ್ಣು ದಪ್ಪವಾದಷ್ಟೂ ಬೀಳುವ ಎತ್ತರ ತಗ್ಗುತ್ತದೆ. ಹಾಗಾಗಿ ಯಾವ ಮಣ್ಣು ಎಂಬ ಪ್ರಶ್ನೆಯ ಜೊತೆಗೇ ಎಷ್ಟು ದಪ್ಪ ಎಂದೂ ಕೇಳಿಕೊಳ್ಳಬೇಕು.

ಮೊದಲು ಜೇಡದ ತವರು ನೋಡಿ. ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ರೆಡ್ ನೀ ಎಂಬ ಜಾತಿ ನೆಲದಲ್ಲಿ ಬಿಲ ಮಾಡಿಕೊಂಡಿರುತ್ತದೆ. ಅದಕ್ಕೆ ಮೇಲೆ ಒಣಗಿ ಅಡಿಯಲ್ಲಿ ತುಸು ತೇವವಿರುವ ಮಣ್ಣು ಸರಿ. ಚಿಲಿಯ ರೋಸ್ ಹೇರ್‌ಗೆ ಪೂರ್ತಿ ಒಣ ಮಣ್ಣೇ ಇಷ್ಟ. ಮಳೆಕಾಡಿನ ಗೋಲಿಯಾತ್‌ಗೆ ಸದಾ ತೇವ ಬೇಕು. ಮರದ ಮೇಲಿರುವ ಪಿಂಕ್ ಟೋಗೆ ನಾಲ್ಕೈದು ಸೆಂ.ಮೀ. ದಪ್ಪ ಸಾಕು. ರೆಡ್ ನೀಯ ಹಾಗಲ್ಲದೆ ಸದಾ ಬಿಲದಲ್ಲೇ ಬಾಳುವ ಜಾತಿಗಳಿಗಾದರೆ ಕಾಲು ಚಾಚಿದ ಅಳತೆಯ ಎರಡು-ಮೂರು ಪಟ್ಟು ಆಳ ಕೊಡಬೇಕು.

ರೆಡ್ ನೀಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಳೆದ ಜೇಡ ಕಾಲು ಚಾಚಿದರೆ ಸುಮಾರು 14 ಸೆಂ.ಮೀ. ಮಣ್ಣಿನಿಂದ ಮುಚ್ಚಳದವರೆಗಿನ ಅಂತರ ಇದರ ಒಂದೂವರೆ ಪಟ್ಟು, ಅಂದರೆ 21 ಸೆಂ.ಮೀ. ದಾಟಬಾರದು. 30 ಸೆಂ.ಮೀ. ಉದ್ದ, ಅಗಲ, ಎತ್ತರದ ಪೆಟ್ಟಿಗೆಗೆ 10 ಸೆಂ.ಮೀ. ದಪ್ಪ ಹಾಕಿದರೆ ಅಂತರ 20ಕ್ಕೆ ನಿಲ್ಲುತ್ತದೆ. ಅದಕ್ಕೆ ಬೇಕಾಗುವುದು 9 ಲೀಟರ್. ಒತ್ತಿದಾಗ ಕುಗ್ಗುವುದರಿಂದ 12 ಲೀಟರ್ ಸಡಿಲ ಮಿಶ್ರಣ ಸಿದ್ಧಪಡಿಸಿಕೊಳ್ಳಿ.

650 ಗ್ರಾಂ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯನ್ನು ಸುಮಾರು 4 ಲೀಟರ್ ನೀರಲ್ಲಿ ನೆನೆಸಿದರೆ 8 ಲೀಟರ್‌ನಷ್ಟು ಉಬ್ಬುತ್ತದೆ. ತೊಳೆದು ಉಪ್ಪು ತೆಗೆದದ್ದನ್ನೇ ಕೊಳ್ಳಿ. ಗೊಬ್ಬರವೋ ಬೇವಿನ ಹಿಂಡಿಯೋ ಬೆರೆಸಿದ್ದು ಬೇಡ. ನೆನೆದ ಪುಡಿಯನ್ನು ಚೆನ್ನಾಗಿ ಹಿಂಡಿ, ಹರಡಿ ಬಿಸಿಲಿಗೆ ಹಾಕಿ. ಇದಕ್ಕೆ 4 ಲೀಟರ್ ಜರಡಿ ಹಿಡಿದ ಕೆಂಪು ಮಣ್ಣು ಬೆರೆಸಿ. ರಾಸಾಯನಿಕ ಗೊಬ್ಬರ, ಕೀಟನಾಶಕ ಬಿದ್ದ ಹೊಲದ ಮಣ್ಣು ಕೂಡದು. ಕೀಟನಾಶಕ ಜೇಡವನ್ನೂ ಬಿಡುವುದಿಲ್ಲ. ಕೋಕೋಪೀಟ್ ಒಂದನ್ನೇ ಹಾಕಿದರೆ ಒಣಗಿದ ಮೇಲೆ ಹಗುರಾಗಿ ಉದುರುತ್ತದೆ, ಬಿಲ ಕುಸಿಯುತ್ತದೆ. ಮಣ್ಣಿನ ಅಂಟು ಅದನ್ನು ಹಿಡಿದಿಡುತ್ತದೆ.

ಹದ ನೋಡುವುದು ಕೈಯಿಂದಲೇ. ಒಂದು ಹಿಡಿ ಗಟ್ಟಿಯಾಗಿ ಅಮುಕಿ. ಉಂಡೆ ಕಟ್ಟಬೇಕು, ಬೆರಳಲ್ಲಿ ತಿವಿದರೆ ಬಿರಿಯಬೇಕು, ಬೆರಳ ಸಂದಿಯಿಂದ ಒಂದು ಹನಿಯೂ ಜಿನುಗಬಾರದು. ಜಿನುಗಿದರೆ ಇನ್ನೊಂದು ಬಿಸಿಲು ತೋರಿಸಿ.

ಇನ್ನು ತುಂಬುವ ಕೆಲಸ. ಎಲ್ಲವನ್ನೂ ಒಮ್ಮೆಲೇ ಸುರಿಯಬೇಡಿ. 3 ಸೆಂ.ಮೀ. ಹಾಕಿ ಅಂಗೈಯಿಂದ ಒತ್ತಿ, ಮತ್ತೆ 3 ಸೆಂ.ಮೀ. ಹಾಕಿ ಒತ್ತಿ. ಹೆಚ್ಚಿನವರು ಅವಸರಪಡುವುದು ಇಲ್ಲೇ. ಸಡಿಲ ನೆಲದಲ್ಲಿ ಜೇಡ ಕಾಲೂರಲು ಹಿಂಜರಿಯುತ್ತದೆ. ಕೊನೆಗೆ ಒಂದು ಮೂಲೆಯಲ್ಲಿ ಮರದ ತೊಗಟೆ ಊರಿ, ಅದರಡಿ ಜೇಡದ ದೇಹ ನುಸುಳುವಷ್ಟು ಅಗಲದ ಓರೆ ಗುಳಿ ಮಾಡಿಕೊಡಿ. ಉಳಿದದ್ದನ್ನು ಅದೇ ತೋಡಿಕೊಳ್ಳುತ್ತದೆ. ಮೇಲ್ಪದರ ಒಣಗಲು ಮೂರ್ನಾಲ್ಕು ದಿನ ಬಿಟ್ಟು ಜೇಡವನ್ನು ಬಿಡಿ.

ಬರೀ ಮರಳು ಬೇಡ, ಅದರಲ್ಲಿ ಬಿಲ ನಿಲ್ಲದು. ಜಲ್ಲಿ ಬಿದ್ದಾಗ ಪೆಟ್ಟು ಮಾಡುತ್ತದೆ. ಪೈನ್, ದೇವದಾರು ಹೊಟ್ಟಿನ ಘಾಟು ಎಣ್ಣೆಯೂ ಒಳ್ಳೆಯದಲ್ಲ.

ಹೊಸ ಪೆಟ್ಟಿಗೆಗೆ ಬಂದ ಜೇಡ ಎಂಟೂ ಕಾಲು ಗಾಜಿಗೆ ಅಂಟಿಸಿ, ನೆಲ ಮುಟ್ಟದೆ ನಿಂತರೆ ಮಣ್ಣು ಅದಕ್ಕೆ ತೀರಾ ಒದ್ದೆಯಾಗಿರುವುದೇ ಹೆಚ್ಚು. ರೋಸ್ ಹೇರ್ ಹೀಗೆ ದಿನಗಟ್ಟಲೆ ನಿಲ್ಲುವುದುಂಟು. ಮುಚ್ಚಳದ ಮೂಲಕ ಗಾಳಿಯಾಡಲು ಬಿಡಿ, ಒಣಗಿದಂತೆ ತಾನೇ ಇಳಿಯುತ್ತದೆ. ಬೂಷ್ಟು, ಬಿಳಿ ನುಸಿ ಕಂಡರೆ ಕಾರಣ ಬಹುಪಾಲು ತಿಂದುಳಿದ ಹುಳದ ಚೂರು, ಜೊತೆಗೆ ಆಡದ ಗಾಳಿ. ಚೂರನ್ನು ಮರುದಿನವೇ ಚಿಮುಟದಿಂದ ತೆಗೆಯಿರಿ. ಮಂಗಳೂರಿನ ಮಳೆಗಾಲದಲ್ಲಿ ರೆಡ್ ನೀಯಂಥ ಜೇಡದ ಪೆಟ್ಟಿಗೆಗೆ ನೀರು ಚಿಮುಕಿಸುವ ಅಗತ್ಯವೇ ಇರದು. ಕಲಬುರಗಿಯ ಬೇಸಿಗೆಯಲ್ಲಿ ಒಂದು ಮೂಲೆಯಲ್ಲಿ ಸ್ಟ್ರಾ ಇಳಿಸಿ ಅಡಿಪದರಕ್ಕೆ ಮಾತ್ರ ನೀರುಣಿಸಿ. ನೀರಿನ ಬಟ್ಟಲು ಮಾತ್ರ ಎಲ್ಲ ಕಾಲಕ್ಕೂ ಇರಲಿ.

ನುಸಿ, ಬೂಷ್ಟಿನ ಕಾಟವಿಲ್ಲದಿದ್ದರೆ ವರ್ಷಕ್ಕಿಂತ ಮೊದಲು ಮಣ್ಣು ಬದಲಿಸಬೇಡಿ. ಜೇಡ ಮೇವು ಬಿಟ್ಟು ಹೊಟ್ಟೆ ಕಪ್ಪಿಟ್ಟಿದ್ದರೆ ಪೊರೆ ಕಳಚುವ ಹೊತ್ತು ಹತ್ತಿರವಾಗಿದೆ. ಆಗ ಪೆಟ್ಟಿಗೆಯನ್ನು ಮುಟ್ಟಲೇಬೇಡಿ. ಪೊರೆ ಬಿಟ್ಟು ಹೊಸ ಚರ್ಮ ಗಟ್ಟಿಯಾಗಲು ಒಂದೆರಡು ವಾರ ಕಾಯಿರಿ.